ಹೆತ್ತವರು ಮತ್ತು ಕಲಿಸಿದವರು: ಸುಕುಮಾರಸ್ವಾಮಿಯ ಕಥೆಯನ್ನು ಕುರಿತು

ಔರಂಗಾಬಾದಿನಿಂದ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರದಿಂದ, ಸಿಲ್ಲೋಡಿನ ಮಾರ್ಗವಾಗಿ ಅಜಂತೆಗೆ ಹೋಗುವವರು ಅಲ್ಲಿಯ 17ನೆಯ ಗುಹೆಯ ಒಂದು ಭಿತ್ತಿಚಿತ್ರದ ಮುಂದೆ ನಿಲ್ಲದೆ ಮುಂದೆ ಹೋಗಲಾರರು. ಐದನೆಯ ಶತಮಾನದ ಉತ್ತರಾರ್ಧಕ್ಕೆ, ವಾಕಾಟಕ ಹರಿಷೇಣನ ಕಾಲಕ್ಕೆ ಸೇರಿದ ಈ ಚಿತ್ರದಲ್ಲಿ ಭಿಕ್ಷಾಪಾತ್ರೆ ಹಿಡಿದ ಬುದ್ಧನ ಎದುರಿಗೆ ಯಶೋಧರೆ ಮಗ ರಾಹುಲನೊಡನೆ ನಿಂತಿದ್ದಾಳೆ. ಬೌದ್ಧ ಪರಂಪರೆಯಂತೆ ಮಗನು ಕೇಳಿದ್ದು ತಂದೆಯಿಂದ ಬರಬೇಕಾದ ಪಾಲನ್ನು. ಅವನಿಗೆ ದೊರೆತದ್ದು ದೀಕ್ಷೆ. ಮಗನ ಹಿಂದೆಯೇ ಮೊಮ್ಮಗನನ್ನೂ ಕಳೆದುಕೊಂಡ ಶುದ್ಧೋದನನ ಬಿನ್ನಹದಿಂದಾಗಿ, ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ದೀಕ್ಷೆ ಕೊಡಬಾರದೆಂಬ ನಿಯಮ ಸಂಘದಲ್ಲಿ ಏರ್ಪಟ್ಟಿತು. ಮಗುವಿನ ಬಾಳಿನಲ್ಲಿ ಹೆತ್ತವರ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆ ದಖನಿನ ನೆಲದಲ್ಲಿ ಎಷ್ಟು ಹಳೆಯದೆಂಬುದನ್ನು ಈ ಚಿತ್ರ ನೆನಪಿಸುತ್ತದೆ.

ಇದೇ ಪ್ರಶ್ನೆಯನ್ನು ಕನ್ನಡದ ಮೊದಲ ಗದ್ಯಕೃತಿಗಳಲ್ಲೊಂದಾದ ‘ವಡ್ಡಾರಾಧನೆ’ಯೂ ತನ್ನದೇ ರೀತಿಯಲ್ಲಿ ಎತ್ತಿದೆ. ಜೈನಕಥೆಗೂ ಅಜಂತೆಯ ಚಿತ್ರಕ್ಕೂ ಆಕರಸಂಬಂಧವನ್ನು ನಾವು ಕಲ್ಪಿಸುತ್ತಿಲ್ಲ. ಎರಡೂ ಎದುರಿಸಿದ ಸಮಸ್ಯೆ ಒಂದೇ ಎಂಬುದಷ್ಟೇ ನಮ್ಮ ಮಾತು. ಡಿ.ಎಲ್. ನರಸಿಂಹಾಚಾರ್ಯರ ಸಂಪಾದನೆಯ ತರುವಾಯ ಈ ಕೃತಿಯ ಕರ್ತೃ ಯಾರು, ಕಾಲ ಯಾವುದು, ಅದರ ನಿಜವಾದ ಹೆಸರೇನು, ಪ್ರಾಕೃತದ ಋಣ ಎಷ್ಟು ಎಂಬ ವಿಷಯಗಳ ಬಗ್ಗೆ ಬೆಲೆಯುಳ್ಳ ಚರ್ಚೆ ನಡೆದಿದೆ. ಆದರೆ ಇದರ 19 ಕಥೆಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯನ್ನು ಕರ್ಮಫಲದ ನಿರೂಪಣೆಯೆಂದೋ ಹಳಗನ್ನಡ ಗದ್ಯದ ಮಾದರಿಯೆಂದೋ ಓದುವ ರೂಢಿಯೇ ಬಲವಾಗಿ ಉಳಿದಿದೆ. ಈ ಕಥೆಯನ್ನು ಮಕ್ಕಳನ್ನು ಬೆಳೆಸುವವರ ಕಡೆಯಿಂದ ಓದುವುದು ಪ್ರಸ್ತುತ ಲೇಖನದ ಉದ್ದೇಶ.

ಕಥೆಯ ಬಂಧ ಇದಕ್ಕೆ ಅವಕಾಶ ಕೊಡುತ್ತದೆ. ಇಲ್ಲಿ ಒಂದೇ ಜೀವ ಬೇರೆ ಬೇರೆ ಜನ್ಮಗಳಲ್ಲಿ ಮೂರು ಬಗೆಯ ಪಾಲನೆಗೆ ಒಳಗಾಗುತ್ತದೆ. ಮೊದಲನೆಯದು ವಾಯುಭೂತಿಯ ಜನ್ಮ. ಕೌಶಾಂಬಿಯ ಪುರೋಹಿತ ಸೋಮಶರ್ಮನ ಮಕ್ಕಳಾದ ಅಗ್ನಿಭೂತಿ ವಾಯುಭೂತಿಗಳು ತಂದೆ ಇರುವಾಗ ಓದಲಿಲ್ಲ. ಅವನು ಸತ್ತಾಗ ಪುರೋಹಿತ ಪದವಿ ಅನ್ಯರ ಪಾಲಾಯಿತು. ತಾಯಿ ಕಾಶ್ಯಪಿ ಅವರನ್ನು ತನ್ನ ಅಣ್ಣ ಸೂರ್ಯಮಿತ್ರನಲ್ಲಿಗೆ ಕಳಿಸಿದಳು. ಸೋದರಳಿಯರೆಂದು ಮುದ್ದಿನಿಂದ ನೋಡಿಕೊಂಡರೆ ಇವರು ಕಲಿಯಲಾರರೆಂದು ಬಗೆದ ಆತ ನಂಟನ್ನೇ ಮರೆಮಾಚಿ, ತಿರಿದುಂಡು ಓದುವಂತೆ ವಿಧಿಸಿದನು. ವಿದ್ಯೆ ಮುಗಿದ ಮೇಲೆ ನಿಜವನ್ನು ತಿಳಿಸಿ ಉಡುಗೊರೆ ಕೊಟ್ಟನು. ಅಗ್ನಿಭೂತಿ ಇದನ್ನು ಉಪಕಾರವೆಂದು ತಿಳಿದರೆ ವಾಯುಭೂತಿ ಅಪಕಾರವೆಂದು ತಿಳಿದನು. ಒಂದೇ ಶಿಸ್ತು, ಒಂದೇ ಮನೆ, ಒಬ್ಬನೇ ಗುರು, ಫಲ ಎರಡು. ಸೂರ್ಯಮಿತ್ರನ ಉದ್ದೇಶ ಒಳ್ಳೆಯದೆಂದು ಕಥೆಗಾರನು ಒಪ್ಪುತ್ತಾನೆ. ಆದರೂ ಬಚ್ಚಿಟ್ಟ ಪ್ರೀತಿಗೆ ತೆರಬೇಕಾದ ಬೆಲೆ ಉಂಟೆಂಬುದನ್ನು ಅವನು ಮುಚ್ಚುವುದಿಲ್ಲ. ವಾಯುಭೂತಿಯ ಮುಂದಿನ ಹೀನಜನ್ಮಗಳೆಲ್ಲ ಈ ಅಸಮಾಧಾನದಿಂದಲೇ ಮೊಳೆಯುತ್ತವೆ.

ಅದೇ ಜೀವ ಮುಂದೆ ಚಂಪಾನಗರದಲ್ಲಿ ನಾಗಶರ್ಮನ ಮಗಳು ನಾಗಶ್ರೀಯಾಗುತ್ತದೆ. ಮುನಿಗಳಾಗಿರುವ ಸೂರ್ಯಮಿತ್ರ ಅಗ್ನಿಭೂತಿಗಳಿಂದ ಈ ಹುಡುಗಿ ವ್ರತಗಳನ್ನು ಪಡೆಯುತ್ತಾಳೆ. ಸಿಟ್ಟಾದ ತಂದೆ ಅವನ್ನು ಹಿಂದಿರುಗಿಸಲೆಂದು ಅವಳನ್ನು ಕರೆದುಕೊಂಡು ಹೊರಡುತ್ತಾನೆ. ಕೊಲೆ, ಸುಳ್ಳು, ಕಳವುಗಳಿಗಾಗಿ ದಂಡನೆಗೆ ಗುರಿಯಾದವರು ದಾರಿಯಲ್ಲಿ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಇದನ್ನು ಮಾಡೆನೆಂಬ ವ್ರತವನ್ನೇ ಬಿಡಲೇ ಎಂದು ಮಗಳು ಕೇಳುತ್ತಾಳೆ. ಆ ಒಂದು ಇರಲಿ, ಉಳಿದವನ್ನು ಬಿಡು ಎಂದು ತಂದೆ ಪ್ರತಿಸಲವೂ ಒಪ್ಪಿಕೊಳ್ಳಬೇಕಾಗುತ್ತದೆ. ಕೈಹಿಡಿದು ನಡೆಸುವವನು ತಂದೆ, ದಾರಿ ತೋರುವವಳು ಮಗಳು. ತಂದೆಯ ಅಧಿಕಾರವನ್ನು ಬಂಡಾಯದಿಂದಲ್ಲದೆ ಬರಿಯ ಪ್ರಶ್ನೆಯಿಂದ ಸಡಿಲಿಸುವ ಇಂಥ ಸನ್ನಿವೇಶ ಪ್ರಾಚೀನ ಕನ್ನಡ ಕಥನದಲ್ಲಿ ವಿರಳ. ಕೊನೆಗೆ ಈಕೆ ತಮ್ಮ ಮಗಳೆಂದು ಮುನಿ ಹೇಳುವಲ್ಲಿ ವಿವಾದ ಅರಸನವರೆಗೆ ಹೋಗುತ್ತದೆ. ಹಿಂದಿನ ಜನ್ಮದಲ್ಲಿ ಕಲಿತದ್ದನ್ನು ನಾಗಶ್ರೀ ಒಪ್ಪಿಸಿದಾಗ, ಹೆತ್ತವನ ಹಕ್ಕಿನ ಪಕ್ಕದಲ್ಲಿ ಕಲಿಸಿದವನ ಹಕ್ಕೂ ಸಭೆಯ ನಡುವೆ ನಿಲ್ಲುತ್ತದೆ.

ಮೂರನೆಯ ಪಾಲನೆ ಉಜ್ಜಯಿನಿಯ ಯಶೋಭದ್ರೆಯದು. ಮಗನ ಮುಖ ಕಂಡಂದು ಗಂಡನೂ, ಋಷಿಯ ಮಾತು ಕೇಳಿದಂದು ಮಗನೂ ತಪಸ್ಸಿಗೆ ಹೋಗುವರೆಂಬ ನುಡಿಯನ್ನು ಅವಳು ಕೇಳಿದ್ದಾಳೆ. ಅದರ ಮೊದಲರ್ಧ ನಿಜವಾದುದನ್ನೂ ಕಂಡಿದ್ದಾಳೆ. ಆದಕಾರಣ ಋಷಿಗಳು ಮನೆಯೊಳಗೆ ಕಾಲಿಡದಂತೆ ಮಾಡಿ, ಸುಕುಮಾರನಿಗೆ 32 ಮಂದಿ ಹೆಂಡಿರನ್ನು ತಂದು, ಹೊರಗಿನ ಬಿಸಿಲೂ ತಾಗದಂತೆ ಬೆಳೆಸುತ್ತಾಳೆ. ಮನೆಗೆ ಬಂದ ಅರಸನು ಆರತಿಯ ದೀಪಕ್ಕೆ ಸುಕುಮಾರನ ಕಣ್ಣಲ್ಲಿ ನೀರು ಬಂದುದನ್ನು ಕಂಡು ರೋಗವಿರಬಹುದೆಂದು ಶಂಕಿಸುತ್ತಾನೆ. ರತ್ನಗಳ ಬೆಳಕನ್ನಲ್ಲದೆ ದೀಪವನ್ನು ಕಾಣದ ಕಣ್ಣೆಂದು ತಾಯಿ ವಿವರಿಸುತ್ತಾಳೆ. ವಿಮರ್ಶಕರು ಇದನ್ನು ವೈಭವದ ವರ್ಣನೆಯಾಗಿ ಕಂಡಿರುವುದುಂಟು. ನಮಗೆ ಇದು ತಾಯಿಯ ಭಯದ ಅಳತೆಯಾಗಿ ಕಾಣುತ್ತದೆ. ಮಗನನ್ನು ಉಳಿಸಿಕೊಳ್ಳಲು ಅವಳು ಮಾಡಿದ್ದೆಲ್ಲ ಅವನನ್ನು ಲೋಕಕ್ಕೆ ಒಗ್ಗದವನನ್ನಾಗಿಸಿದೆ. ಋಷಿಯ ಧ್ವನಿ ಗೋಡೆಯಾಚೆಯಿಂದ ಕಿವಿಗೆ ಬೀಳುತ್ತಲೇ ಮಗನು ಇಳಿದು ಹೊರಟುಹೋಗುತ್ತಾನೆ. ಅವನನ್ನು ತಿನ್ನುವ ನರಿಯೂ ಮರಿಗಳೊಡನೆ ಬಂದ ತಾಯಿಯೇ ಎಂಬುದು ಕಥೆಯ ಅತ್ಯಂತ ಕಠೋರವಾದ ವಿವರ.

ಕಥೆಯ ಗುರಿ ಮೋಕ್ಷವಾಗಿರುವುದರಿಂದ ಹೆತ್ತವರ ಪಾತ್ರ ಇಲ್ಲಿ ನೆಪಮಾತ್ರವೆಂದು ಆಕ್ಷೇಪಿಸಬಹುದು. ಗುರಿ ಅದೇ ಎಂಬುದು ನಿಜ. ಆದರೆ ಗುರಿಯೆಡೆಗೆ ಅವಸರಪಡುವ ಕಥೆಗಾರನಿಗೆ ನಾಗಶರ್ಮನ ಹೆಜ್ಜೆಹೆಜ್ಜೆಯ ಸೋಲಾಗಲಿ ಯಶೋಭದ್ರೆಯ ಸಮಜಾಯಿಷಿಯಾಗಲಿ ಬೇಕಿರಲಿಲ್ಲ. ಹೆತ್ತವರ ಸೋಲಿಗೂ ಒಂದು ಘನತೆ ಇದೆಯೆಂದು ಬಲ್ಲವನು ಮಾತ್ರ ಅಲ್ಲಿ ತಡೆದು ನಿಲ್ಲುತ್ತಾನೆ.

ಹಿಂದೆ ಹೆತ್ತವರದು ಅಧಿಕಾರ, ಇಂದು ಅವರದು ವಾತ್ಸಲ್ಯ ಎಂದು ಗೆರೆ ಎಳೆಯುವ ಸಾಮಾನ್ಯ ತಿಳಿವಳಿಕೆಯನ್ನು ಈ ಕಥೆ ಪುಷ್ಟೀಕರಿಸುವುದಿಲ್ಲ. ಶಿಸ್ತು, ಒಪ್ಪಿಗೆ, ರಕ್ಷಣೆ ಮೂರೂ ಇಲ್ಲಿ ಒಟ್ಟಿಗೆ ಇವೆ. ಹಾಗಾದರೆ ಬದಲಾದುದೇನು? ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ಪಕ್ಕದಲ್ಲಿಟ್ಟರೆ ಉತ್ತರದ ಒಂದು ಎಳೆ ಸಿಗುತ್ತದೆ. ಕರಾವಳಿಯ ಪುರೋಹಿತ ರಾಮ ಐತಾಳರು ಮಗ ಲಚ್ಚನನ್ನು ಇಂಗ್ಲಿಷ್ ಶಾಲೆಗೆ ಕಳಿಸುತ್ತಾರೆ. ಸೂರ್ಯಮಿತ್ರ ನಂಟನ್ನು ಮರೆಮಾಚಿ ಅಪರಿಚಿತನಂತೆ ನಟಿಸಬೇಕಾಗಿತ್ತು. ಲಚ್ಚನ ಗುರುಗಳು ನಿಜವಾಗಿಯೇ ಅಪರಿಚಿತರು. ತಂದೆಗೆ ಉಳಿಯುವುದು ಹಣ ಒದಗಿಸುವ ಮತ್ತು ಫಲಕ್ಕಾಗಿ ಕಾಯುವ ಕೆಲಸ. ಲಚ್ಚ ದಾರಿತಪ್ಪಿದಾಗ ಐತಾಳರ ಕೈಯಲ್ಲಿ ಶಿಸ್ತೂ ಇಲ್ಲ, ಗೋಡೆಯೂ ಇಲ್ಲ. ಮುಂದಿನ ತಲೆಮಾರಿನಲ್ಲಿ ಲಚ್ಚನ ಹೆಂಡತಿ ನಾಗವೇಣಿ ಮಗ ರಾಮನನ್ನು ಮದರಾಸಿಗೆ ಓದಲು ಬಿಡುತ್ತಾಳೆ. ಅವನು ಚಳವಳಿಗೆ ಸೇರಿದುದನ್ನೂ ಸಹಿಸುತ್ತಾಳೆ. ಯಶೋಭದ್ರೆ ಮುಚ್ಚಿದ ಬಾಗಿಲನ್ನು ಈಕೆ ತೆರೆದಿಟ್ಟಿದ್ದಾಳೆ. ರಾಮ ಮಣ್ಣಿಗೆ ಮರಳುವುದು ಕಟ್ಟಿಹಾಕಿದ್ದರಿಂದಲ್ಲ ಎಂಬುದೇ ಕಾದಂಬರಿಯ ತೂಕ.

ಕಲಿಸುವ ಹೊಣೆ ಮನೆಯಿಂದ ಸಂಸ್ಥೆಗೆ ಸರಿದ ಈ ಪ್ರಕ್ರಿಯೆಗೆ ಇಂದು ಕಾನೂನಿನ ಮುದ್ರೆಯೂ ಬಿದ್ದಿದೆ. 2002ರ 86ನೆಯ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದನ್ನು ತಂದೆತಾಯಿ ಅಥವಾ ಪಾಲಕರ ಮೂಲಭೂತ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿಸಿತು. ಮುಪ್ಪಿನ ತಂದೆತಾಯಿಗಳನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆಯೆಂದು 2007ರ ಕಾಯಿದೆ ವಿಧಿಸಿತು. ಒಂದು ಕೊನೆಯಲ್ಲಿ ಶಾಲೆ, ಇನ್ನೊಂದು ಕೊನೆಯಲ್ಲಿ ಜೀವನಾಂಶ. ನಡುವಿನ ದೀರ್ಘ ಅವಧಿಯಲ್ಲಿ ಹೆತ್ತವರು ಏನಾಗಿರಬೇಕೆಂದು ಯಾವ ಕಾಯಿದೆಯೂ ಹೇಳಲಾರದು. ಅದನ್ನು ಹೇಳಲು ಯತ್ನಿಸುವುದು ಕಥನ.

ಹೊರನಾಡುಗಳಲ್ಲಿ ಕನ್ನಡವನ್ನು ಅಭ್ಯಸಿಸುತ್ತಿರುವ ಸಂಶೋಧಕರು ಈ ದೃಷ್ಟಿಯಿಂದ ಹಳಗನ್ನಡ ಕಥಾಸಾಹಿತ್ಯವನ್ನು ಪರಿಶೀಲಿಸುವ ಅಗತ್ಯವಿದೆ. ಸುಮಾರು 1068ರ ಶಾಂತಿನಾಥನ ‘ಸುಕುಮಾರಚರಿತೆ’ ಇದೇ ವಸ್ತುವನ್ನು ಚಂಪುವಿಗೆ ತಂದಿದೆ. ಗದ್ಯದಿಂದ ಚಂಪುವಿಗೆ ಬರುವಲ್ಲಿ ಯಶೋಭದ್ರೆ ಪಡೆದುದೇನು, ಕಳೆದುಕೊಂಡುದೇನು ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ವಿಷಯ. ಮಕ್ಕಳ ತ್ಯಾಗವನ್ನು ಹೊಗಳುವ ಪರಂಪರೆ ನಮ್ಮಲ್ಲಿ ದೊಡ್ಡದು. ಅವರು ಬಿಟ್ಟುಹೋದ ಮನೆಯಲ್ಲಿ ಉಳಿದವರನ್ನು ಓದುವ ಪರಂಪರೆ ಇನ್ನು ಬೆಳೆಯಬೇಕಾಗಿದೆ.