ಒಂಟಿ ಮರದ ಮೋಹ

ಕ್ಯಾಮೆರಾ ಹಿಡಿಯಲು ಕಲಿಯುವವರಿಗೆ ಹಿರಿಯರು ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂಟಿ ಮರ ಇದ್ದೇ ಇರುತ್ತದೆ. ಬಯಲು, ಒಂದು ಮರ, ಅದರ ಹಿಂದೆ ದೊಡ್ಡ ಆಕಾಶ. ಮರವನ್ನು ನಟ್ಟನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸು, ನೆಲವನ್ನು ಕೆಳಗಿನ ಮೂರನೇ ಒಂದು ಪಾಲಿಗೆ ಇಳಿಸು, ಉಳಿದದ್ದನ್ನು ಖಾಲಿ ಬಿಡು. ಚಿತ್ರ ಕೆಡುವುದೇ ಇಲ್ಲ. ಕ್ಯಾಲೆಂಡರಿನಲ್ಲಿ, ಆಸ್ಪತ್ರೆಯ ಗೋಡೆಯಲ್ಲಿ, ಮೊಬೈಲಿನ ಪರದೆಯಲ್ಲಿ ಎಲ್ಲೆಲ್ಲೂ ಅದು ಎದುರಾಗುತ್ತದೆ. ಕೆಳಗೆ ಬರೆಯುವ ಮಾತೂ ಹೆಚ್ಚುಕಡಿಮೆ ಗೊತ್ತಿರುವುದೇ: ಏಕಾಂತ, ಛಲ, ಧ್ಯಾನ. ಬಿರುಗಾಳಿಗೂ ಬಗ್ಗದೆ ನಿಂತ ಜೀವ.

ಇದನ್ನು ಟೀಕಿಸುವವರು ಸವಕಲು ಎನ್ನುತ್ತಾರೆ. ಆ ಟೀಕೆಯೂ ಸವಕಲೇ. ಎಲ್ಲರೂ ತೆಗೆದದ್ದು ಎಂಬ ಒಂದೇ ಕಾರಣಕ್ಕೆ ಚಿತ್ರ ಕೆಟ್ಟದ್ದಾಗುವುದಾದರೆ ಮಗುವಿನ ನಗುವನ್ನೂ ಯಾರೂ ತೆಗೆಯುವಂತಿಲ್ಲ. ನನ್ನ ತಕರಾರು ಬೇರೆ. ಈ ಚಿತ್ರ ಮರದ ಬಗ್ಗೆ ಸುಳ್ಳು ಹೇಳುತ್ತದೆ, ಮತ್ತು ನಮ್ಮನ್ನು ಸೆಳೆಯುವುದು ಆ ಸುಳ್ಳೇ.

ಗದಗ, ಧಾರವಾಡದ ಕಡೆಯ ಎರೆಹೊಲಗಳಲ್ಲಿ ಉಳಿದಿರುವ ಬೇವನ್ನೋ ಜಾಲಿಯನ್ನೋ ನೋಡಿ. ಉಳುಮೆಯ ನೆಲದಲ್ಲಿ ಮರ ತಾನಾಗಿ ಉಳಿಯುವುದಿಲ್ಲ. ಯಾರೋ ಉಳಿಸಿದ್ದಕ್ಕೆ ಉಳಿದಿರುತ್ತದೆ. ಅದರ ನೆರಳು ಬಿದ್ದಲ್ಲಿ ಬೆಳೆ ಸರಿಯಾಗಿ ಏಳುವುದಿಲ್ಲ, ಬೇರು ನೀರು ಹೀರುತ್ತದೆ ಎಂಬ ನಷ್ಟವೆಲ್ಲ ಗೊತ್ತಿದ್ದೂ ರೈತ ಅದನ್ನು ಬಿಟ್ಟಿರುತ್ತಾನೆ. ಮಧ್ಯಾಹ್ನ ಬುತ್ತಿ ಬಿಚ್ಚಲು, ಎತ್ತು ಕಟ್ಟಲು, ಕೂಸಿನ ಜೋಳಿಗೆ ತೂಗಲು ಒಂದು ಕೊಂಬೆ ಬೇಕು. ಎಷ್ಟೋ ಕಡೆ ಅದು ಬದುವಿನ ಮೇಲಿರುತ್ತದೆ, ಎರಡು ಮನೆಗಳ ಹೊಲ ಎಲ್ಲಿ ಬೇರೆಯಾಗುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ. ಬುಡದಲ್ಲಿ ಕುಂಕುಮ ಹಚ್ಚಿದ ಕಲ್ಲೂ ಇದ್ದರೆ ಕೊಡಲಿ ಇನ್ನಷ್ಟು ದೂರ.

ಇನ್ನು ಅದರ ಆಕಾರ. ಕೊಡೆಯಂಥ ಹಂದರ, ಅದರ ಕೆಳಗೆ ಅಳೆದು ಕತ್ತರಿಸಿದಂತೆ ಸಮನಾದ ಗೆರೆ. ಛಾಯಾಗ್ರಾಹಕರಿಗೆ ಈ ಗೆರೆಯೆಂದರೆ ಪ್ರಾಣ. ಸಂಜೆಯ ಬೆಳಕಿಗೆ ಎದುರಾಗಿ ಕಪ್ಪಾದಾಗ ಅದು ನಿಜಕ್ಕೂ ಚೆಂದ. ಆದರೆ ಅದನ್ನು ಬಿಡಿಸಿದವರು ಮೇಕೆ ಮತ್ತು ದನ. ಮುಂಗಾಲೆತ್ತಿ ನಿಂತ ಮೇಕೆಯ ಬಾಯಿಗೆ ಎಟುಕುವ ಎತ್ತರದವರೆಗೆ ಎಲೆ ಹೋಗಿದೆ, ಮೇಲಿನದು ಉಳಿದಿದೆ. ಒಂದು ಪಕ್ಕ ಬೋಳಾಗಿದ್ದರೆ ಅಲ್ಲಿ ಕುರಿಗಾಹಿಯ ಕುಡುಗೋಲು ಆಡಿದೆ. ಚಿತ್ರದಲ್ಲಿ ನಾವು ಒಂಟಿತನವೆಂದು ಮೆಚ್ಚುವ ಆ ರೂಪ ಹೀಗೆ ಒಂದು ಊರಿನ ಬಾಯಿ, ಕೈ, ಜಗಳ, ಭಕ್ತಿ ಎಲ್ಲ ಸೇರಿ ಮಾಡಿದ್ದು.

ಇದಷ್ಟನ್ನೂ ಚೌಕಟ್ಟಿನಿಂದ ಹೊರಗಿಡಲು ಛಾಯಾಗ್ರಾಹಕ ಪಡುವ ಪಾಡು ಕಡಿಮೆಯದಲ್ಲ. ಕರೆಂಟು ಕಂಬ ಕಾಂಡದ ಹಿಂದೆ ಮರೆಯಾಗುವಂತೆ ಮಂಡಿಯೂರಿ ಕೂರಬೇಕು. ಟ್ರ್ಯಾಕ್ಟರು ದಾಟುವವರೆಗೆ ಕಾಯಬೇಕು. ಪಂಪ್‌ಸೆಟ್ಟಿನ ಮನೆ ಕಾಣದಂತೆ ಉದ್ದದ ಲೆನ್ಸ್ ಹಾಕಬೇಕು. ಇಷ್ಟಾದ ಮೇಲೂ ಉಳಿದದ್ದನ್ನು ಅಳಿಸಲು ಸಾಫ್ಟ್‌ವೇರ್ ಇದೆ. ಕುದುರೆಮುಖದ ಚಾರಣದ ಹಾದಿಯಲ್ಲಿ ಒಂಟಿಮರ ಎಂದೇ ಹೆಸರಾದ ತಾಣವಿದೆ. ಚಾರಣಿಗರು ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕ್ಯಾಮೆರಾ ಸ್ವಲ್ಪ ತಿರುಗಿದರೆ ಸಾಕು, ಹುಲ್ಲುಗುಡ್ಡದ ಮಡಿಕೆಗಳಲ್ಲಿ ಶೋಲಾ ಕಾಡು ಒತ್ತೊತ್ತಾಗಿ ಕೂತಿರುವುದು ಕಾಣುತ್ತದೆ. ತಿರುಗಿಸುವವರು ಕಡಿಮೆ.

ಈ ಬಗೆಯ ಚಿತ್ರದ ಪರವಾಗಿ ವಾದಿಸುವವರು ಕೊನೆಗೆ ಮೈಕೆಲ್ ಕೆನ್ನಾನ ಹೆಸರು ಹೇಳುತ್ತಾರೆ, ಹೇಳಲೇಬೇಕು. ಜಪಾನಿನ ಹೊಕ್ಕೈಡೋದ ಹಿಮದಲ್ಲಿ ಈ ಇಂಗ್ಲಿಷ್ ಛಾಯಾಗ್ರಾಹಕ ತೆಗೆದ ಕಪ್ಪು-ಬಿಳುಪು ಮರಗಳಿಗಿಂತ ಶುದ್ಧವಾದ ಒಂಟಿ ಮರಗಳನ್ನು ಬೇರೆಲ್ಲೂ ನೋಡಲಾರೆವು. ಬಿಳಿಯ ಮೇಲೆ ಕಪ್ಪು ಶಾಯಿ ಎಳೆದಷ್ಟು ಕಡಿಮೆ ಗೆರೆಗಳು. ಅವುಗಳ ಮುಂದೆ ನಾನೂ ಹೊತ್ತು ಮರೆತು ನಿಂತವನೇ. ಆದರೆ ಅಲ್ಲಿ ಅಳಿಸುವ ಕೆಲಸವನ್ನು ಹಿಮವೇ ಮಾಡಿಕೊಟ್ಟಿದೆ. ಬೇಲಿ, ಸಾಲು, ದಾರಿ ಎಲ್ಲವೂ ಅದರಡಿ. ಹೊಕ್ಕೈಡೋದ ಹೊಲಗಳಲ್ಲಿ ಬೇಸಿಗೆಗೆ ಗೋಧಿ, ಆಲೂಗಡ್ಡೆ, ಸಕ್ಕರೆ ಬೀಟ್ ಬೆಳೆಯುತ್ತವೆ. ಐನು ಜನರ ಈ ನಾಡಿಗೆ 19ನೇ ಶತಮಾನದ ಕೊನೆಯ ಭಾಗದಲ್ಲಿ ಜಪಾನಿನ ಬೇರೆ ಕಡೆಗಳಿಂದ ವಲಸೆ ಬಂದವರು ಕಾಡು ಕಡಿದು ಬೇಸಾಯಕ್ಕೆ ನೆಲ ಮಾಡಿಕೊಂಡರು. ಅಲ್ಲಿ ಮರ ಒಂಟಿಯಾಗಿ ನಿಂತಿದ್ದರೆ ಅದರ ನೆರೆಹೊರೆಯನ್ನು ಕಡಿದದ್ದು ಒಂದು ಮುಖ್ಯ ಕಾರಣ.

ಅದೇ ಹೊಕ್ಕೈಡೋದ ಬಿಯೆ ಎಂಬ ಊರಿನ ಕಥೆ ನನ್ನ ವಾದಕ್ಕೆ ಬೇಕು. ಏರಿಳಿಯುವ ಗುಡ್ಡಗಳ ಮೇಲೆ ಬಣ್ಣಬಣ್ಣದ ಹೊಲಗಳಿರುವ ಊರು. ಶಿಂಜೊ ಮಾಯೆದ ಎಂಬ ಛಾಯಾಗ್ರಾಹಕನ ಚಿತ್ರಗಳು ಅದನ್ನು ದೇಶಕ್ಕೆಲ್ಲ ತೋರಿಸಿದವು. 1987ರಲ್ಲಿ ಅಲ್ಲೇ ಅವನ ಗ್ಯಾಲರಿಯೂ ತೆರೆಯಿತು. ಅಲ್ಲಿನ ಮರಗಳಿಗೆ ಹೆಸರು ಬಂದ ಬಗೆ ತಮಾಷೆಯದು. ಒಂದು ಪಾಪ್ಲರ್ 1972ರಲ್ಲಿ ನಿಸ್ಸಾನ್ ಕಾರಿನ ಜಾಹೀರಾತಿನಲ್ಲಿ ಬಂದು, ಜಾಹೀರಾತಿನ ಜೋಡಿಯ ಹೆಸರಿನಲ್ಲೇ ಕೆನ್ ಮತ್ತು ಮೇರಿ ಮರವಾಯಿತು. ಇನ್ನೊಂದು ಓಕ್ ಮರ 1976ರಲ್ಲಿ ಸೆವೆನ್ ಸ್ಟಾರ್ಸ್ ಸಿಗರೇಟಿನ ಪ್ಯಾಕಿನ ಮೇಲೆ ಬಂದು ಸೆವೆನ್ ಸ್ಟಾರ್ಸ್ ಮರವಾಯಿತು. ನಿಸರ್ಗದ ಏಕಾಂತವನ್ನು ಹುಡುಕಿ ಹೋಗುವವರು ನಮಸ್ಕರಿಸುವುದು ಕಾರಿಗೆ, ಸಿಗರೇಟಿಗೆ!

ಮೂರನೆಯದು ತತ್ತ್ವಚಿಂತನೆಯ ಮರ. ಒಂದು ಪಕ್ಕಕ್ಕೆ ವಾಲಿದ್ದ ಪಾಪ್ಲರ್. ತಲೆ ಓರೆ ಮಾಡಿ ಯೋಚಿಸುತ್ತಿರುವವನಂತೆ ಕಾಣುತ್ತದೆಂದು ಆ ಹೆಸರು. ಚಿತ್ರ ತೆಗೆಯಲು ಬಂದವರು ರಸ್ತೆಯಲ್ಲಿ ನಿಲ್ಲಲಿಲ್ಲ. ಎಲ್ಲರಿಗಿಂತ ಬೇರೆ ಕೋನ ಬೇಕಲ್ಲ, ಹೊಲಕ್ಕೆ ಇಳಿದರು. ಬೂಟಿಗೆ ಅಂಟಿದ ಬೇರೆ ನೆಲದ ಮಣ್ಣಿನಿಂದ ಆಲೂಗಡ್ಡೆಗೆ ರೋಗವೋ ಬೇರು ತಿನ್ನುವ ಹುಳುವೋ ಬಂದರೆ ಅನುಭವಿಸುವವನು ರೈತ. ಬೇಡವೆಂದರೂ ಜನ ಕೇಳಲಿಲ್ಲ. ಮರಕ್ಕೂ ವಯಸ್ಸಾಗಿ ಬಲ ಕುಗ್ಗಿತ್ತು. 2016ರ ಫೆಬ್ರವರಿಯಲ್ಲಿ ಹೊಲದ ಯಜಮಾನ ಅದನ್ನು ಉರುಳಿಸಿದ.

ಇದನ್ನು ಪ್ರವಾಸಿಗರ ಅಶಿಸ್ತು ಎಂದಷ್ಟೇ ಹೇಳಿ ಮುಗಿಸುವುದುಂಟು. ಫಲಕ ಹಾಕಿ, ಬೇಲಿ ಹಾಕಿ, ದಂಡ ಹಾಕಿ ಎಂಬ ಸಲಹೆಗಳೂ ಉಂಟು. ನನಗೆ ಕಾಣುವುದು ಆ ಚಿತ್ರದ ವ್ಯಾಕರಣವೇ ಅಲ್ಲಿ ಕೆಲಸ ಮಾಡಿದ್ದು. ವರ್ಷಗಟ್ಟಲೆ ಆ ಮರವನ್ನು ಯಾರಿಗೂ ಸೇರದ್ದೆಂದು, ಯಾರ ಹೊಲದಲ್ಲೂ ಇಲ್ಲದ್ದೆಂದು ತೋರಿಸಿದ ಚಿತ್ರಗಳನ್ನು ನೋಡಿ ಬಂದವನಿಗೆ ಕಾಲಡಿಯ ಬೆಳೆ ಬೆಳೆಯೆಂದು ತೋಚುವುದಾದರೂ ಹೇಗೆ? ರೈತನನ್ನು ಚೌಕಟ್ಟಿನಿಂದ ಮೊದಲು ಹೊರಗೆ ಹಾಕಿದವರು ಚಿತ್ರ ತೆಗೆದವರು. ತುಳಿದವರು ಆಮೇಲೆ ಬಂದರು.

ನಿಜವಾಗಿ ಒಂಟಿಯಾದ ಮರ ಇಲ್ಲವೇ ಇಲ್ಲವೇ ಎಂದು ಕೇಳಬಹುದು. ನೈಜರ್ ದೇಶದ ತೆನೆರೆ ಮರುಭೂಮಿಯ ಅಕೇಶಿಯ ಮರವೊಂದು ಭೂಮಿಯ ಮೇಲೆ ಅತ್ಯಂತ ಒಂಟಿಯಾದ ಮರವೆಂದು ಹೆಸರಾಗಿತ್ತು. ಸುತ್ತ ಬಹುದೂರ ಇನ್ನೊಂದು ಮರವಿರಲಿಲ್ಲ. ಪಕ್ಕದಲ್ಲಿ ಬಾವಿ ತೋಡಿದಾಗ ಅದರ ಬೇರು ಮೂವತ್ತು ಮೀಟರಿಗೂ ಆಳದ ನೀರನ್ನು ಮುಟ್ಟಿರುವುದು ಕಂಡಿತು. ಆದರೆ ಅದು ಬದುಕಿದ್ದದ್ದು ಬೇರಿನ ಬಲದಿಂದ ಮಾತ್ರವಲ್ಲ. ಮರುಭೂಮಿ ದಾಟುವ ಸಾರ್ಥವಾಹರಿಗೆ ಅದು ದಿಕ್ಕಿನ ಗುರುತು. ಸೌದೆಗೆಂದು ಅದನ್ನು ಯಾರೂ ಕಡಿಯುತ್ತಿರಲಿಲ್ಲ, ಒಂಟೆಗೆ ಮೇಯಲು ಬಿಡುತ್ತಿರಲಿಲ್ಲ. 1973ರಲ್ಲಿ ಲಾರಿಯೊಂದು ಗುದ್ದಿ ಅದು ಬಿತ್ತು. ಕಾಂಡವನ್ನು ರಾಜಧಾನಿ ನಿಯಾಮೆಯ ಮ್ಯೂಸಿಯಮ್ಮಿಗೆ ಒಯ್ದರು. ಅಷ್ಟು ಒಂಟಿಯಾದ ಮರವೂ ಬಿದ್ದಾಗ ಬರೇ ಒಂದು ಮರ ಬಿತ್ತೆಂದು ಬಿಡಲು ಜನರಿಗೆ ಆಗಲಿಲ್ಲ.

ಆಯ್ಕೆಯಿಲ್ಲದೆ ಕಲೆಯಿಲ್ಲ, ಎಲ್ಲವನ್ನೂ ತುರುಕಿದರೆ ಚಿತ್ರವಾಗುವುದಿಲ್ಲ ಎಂಬ ಉತ್ತರ ನನಗೆ ಗೊತ್ತು. ಸರಿಯೇ. ಆದರೆ ಆಯ್ಕೆ ಯಾವಾಗಲೂ ಒಂದೇ ಕಡೆಗೆ ವಾಲುವುದೇಕೆ? ಬೆಂಗಳೂರಿನ ಹೊರಗೆ ರಾಮೋಹಳ್ಳಿಯ ಹತ್ತಿರದ ದೊಡ್ಡ ಆಲದ ಮರಕ್ಕೆ ಹೋಗಿ ನೋಡಿ. ಸುಮಾರು ಮೂರು ಎಕರೆಗೆ ಹಬ್ಬಿದ ಆ ಮರದ ಮೂಲ ಕಾಂಡ ರೋಗ ತಗಲಿ ಎಂದೋ ಹೋಗಿದೆ. ಬಿಳಲುಗಳೇ ಕಾಂಡಗಳಾಗಿ ನಿಂತಿವೆ. ಲೆಕ್ಕಕ್ಕೆ ಒಂದೇ ಮರ, ಆದರೆ ಎಲ್ಲಿ ನಿಂತರೂ ಇಡಿಯಾಗಿ ಸಿಗುವುದಿಲ್ಲ. ಕೋತಿ, ಗುಡಿ, ಚುರುಮುರಿ ಮಾರುವವರು, ಮಕ್ಕಳು ಎಲ್ಲರೂ ನಡುವೆ ಬರುತ್ತಾರೆ. ಅರಳಿಕಟ್ಟೆಯ ಗತಿಯೂ ಅಷ್ಟೇ: ಅರಳಿಗೆ ಬೇವು ಜೋಡಿ, ಬುಡದಲ್ಲಿ ನಾಗರಕಲ್ಲು, ಕಟ್ಟೆಯ ಮೇಲೆ ಊರ ಮಾತು. ನಮ್ಮ ಜೊತೆ ಹೆಚ್ಚು ಬಾಳಿದ ಮರಗಳೇ ಈ ಚಿತ್ರಕ್ಕೆ ಒಗ್ಗುವುದಿಲ್ಲ. ನಾವು ಆ ಮರಗಳನ್ನು ಬಿಟ್ಟು ಎಲ್ಲೋ ಮಂಜಿನಲ್ಲಿ ನಿಂತ ಒಂದನ್ನು ಹುಡುಕುತ್ತೇವೆ. ಯಾಕೆಂದರೆ ನಮಗೆ ಬೇಕಾದದ್ದು ಮರವಲ್ಲ, ನಮ್ಮದೇ ಒಂದು ಗಂಭೀರ ಭಾವಚಿತ್ರ.

ಒಂದೇ ಮರವನ್ನು ತೆಗೆಯಬಾರದೆಂದು ನಾನು ಹೇಳುತ್ತಿಲ್ಲ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಮಾರ್ಕ್ ಹರ್ಷ್ ಎಂಬ ಪತ್ರಿಕಾ ಛಾಯಾಗ್ರಾಹಕ 2012ರಿಂದ ಒಂದು ವರ್ಷ ಮೆಕ್ಕೆಜೋಳದ ಹೊಲದಂಚಿನ ಓಕ್ ಮರವೊಂದನ್ನು ದಿನವೂ ಐಫೋನಿನಲ್ಲಿ ತೆಗೆದ. ಮೊದಲ ಕೆಲವು ಚಿತ್ರಗಳು ನಾವು ನಿರೀಕ್ಷಿಸುವಂಥವೇ: ಬಯಲು, ಆಕಾಶ, ಮರ. ಆದರೆ ಅವನು ದಿನಾ ಅಲ್ಲಿಗೇ ಹೋಗಬೇಕಿತ್ತಲ್ಲ, ಆ ಒಂದು ಭಂಗಿ ಬೇಗ ಖರ್ಚಾಗುತ್ತದೆ. ಆಮೇಲೆ ತೊಗಟೆ, ಹುಳು, ಬಿದ್ದ ಎಲೆ, ಮರದ ಬಳಿ ಬಂದುಹೋಗುವ ಜೀವಗಳು ಒಂದೊಂದಾಗಿ ಕಾಣತೊಡಗಿದವು. ಕೊನೆಯ ದಿನದ ಚಿತ್ರಕ್ಕೆ ಅವನು ಜನರನ್ನೇ ಕರೆದ. ಮರದ ಕೆಳಗೆ ದೊಡ್ಡ ಗುಂಪು ನೆರೆಯಿತು. ನಮ್ಮ ಸ್ಪರ್ಧೆಗಳಿಗೆ ಬಂದಿದ್ದರೆ ಅದು ಮೊದಲ ಸುತ್ತಿನಲ್ಲೇ ಹೊರಬೀಳುತ್ತಿತ್ತೇನೋ, ಜನ ಜಾಸ್ತಿಯಾದರು ಎಂಬ ಷರಾದೊಂದಿಗೆ.