ಆರು ಕುಳಿಗಳ ಅಳಗುಳಿಮನೆ

ರಿವಾಲ್ವರಿನ ರುಚಿ ಹತ್ತಬೇಕೆ? ಹಾಗಾದರೆ 1975ರ 'ಶೋಲೆ' ಸಿನಿಮಾದಿಂದಲೇ ಶುರು ಮಾಡಿ. ರಾಮನಗರದ ಬಂಡೆಗಳ ನಡುವೆ ಡಕಾಯಿತ ಗಬ್ಬರ್ ಸಿಂಗ್ ಮೂರು ಗುಂಡುಗಳನ್ನು ಆಕಾಶಕ್ಕೆ ಹಾರಿಸಿ, ಸಿಲಿಂಡರನ್ನು ಗಿರ್ರನೆ ತಿರುಗಿಸಿ, ಸೋತು ಬಂದ ತನ್ನ ಮೂವರು ಬಂಟರಿಗೂ ಒಂದೊಂದು ಸಲ ಗುರಿಯಿಟ್ಟು ಒತ್ತುತ್ತಾನೆ. ಮೂರೂ ಸಲ ಬರೀ ಟಿಕ್. ಈ ಸಲ ಡೈಲಾಗ್ ಬಿಟ್ಟು ಅವನ ಕೈ ನೋಡಿ. ಸಿಲಿಂಡರ್ ಎಂದರೆ ದುಂಡಗೆ ಸುತ್ತಿದ ಅಳಗುಳಿಮನೆ. ಇರುವುದು ಆರು ಕುಳಿ. ಖಾಲಿಯಾದ ಮೂರು ಅಕ್ಕಪಕ್ಕ, ತುಂಬಿದ ಮೂರೂ ಅಕ್ಕಪಕ್ಕ. ಸಾಲಾಗಿ ಮೂರು ಖಾಲಿ ಬರಬೇಕಾದರೆ ಸಿಲಿಂಡರ್ ಆರರಲ್ಲಿ ಒಂದೇ ಒಂದು ಜಾಗದಲ್ಲಿ ನಿಂತಿರಬೇಕು. ಹಾಗೆ ನಿಂತಿದ್ದರೆ ಮುಂದಿನ ಮೂರೂ ಭರ್ತಿ! ಗಬ್ಬರನ ನಗು ಮುಗಿದ ಮೇಲೆ ಆಗುವುದೂ ಅದೇ, ಮೂರೂ ಗುಂಡು ಹಾರುತ್ತವೆ. ಮ್ಯಾಗಜೀನ್ ಹಾಕುವ ಪಿಸ್ತೂಲಿನಲ್ಲಿ ಈ ದೃಶ್ಯ ಹುಟ್ಟುತ್ತಲೇ ಇರಲಿಲ್ಲ.

ಕಣ್ಣಾದ ಮೇಲೆ ಕಿವಿ. ಅಮೆರಿಕದ ಸೈನ್ಯ 1873ರಲ್ಲಿ ಒಪ್ಪಿಕೊಂಡ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರಿನ ಕುದುರೆಯನ್ನು, ಅಂದರೆ ಹ್ಯಾಮರನ್ನು, ಹೆಬ್ಬೆರಳಲ್ಲಿ ನಿಧಾನ ಹಿಂದಕ್ಕೆಳೆದರೆ ನಾಲ್ಕು ಸಲ ಟಿಕ್ಕೆನ್ನುತ್ತದೆ. ಅಭಿಮಾನಿಗಳು ಅದನ್ನು ಸಿ-ಓ-ಎಲ್-ಟಿ ಎಂದು ಎಣಿಸಿಕೊಳ್ಳುತ್ತಾರೆ. ಆರು ಕುಳಿಯಿದ್ದರೂ ಬಲ್ಲವರು ತುಂಬುತ್ತಿದ್ದದ್ದು ಐದನ್ನೇ. ಕುದುರೆಯ ಕೆಳಗಿನ ಕುಳಿ ಭರ್ತಿಯಿದ್ದು ಬಂದೂಕು ಕೈಜಾರಿದರೆ, ಗುಂಡು ತಾನಾಗಿಯೇ ಹಾರೀತು. ಕೌಬಾಯ್ ಸಿನಿಮಾಗಳಿಗೆ ಮಾತ್ರ ಈ ಲೆಕ್ಕ ಬೇಡ, ಅಲ್ಲಿ ಏಳನೆಯದೂ ಹಾರುತ್ತದೆ!

ನನಗೆ ಹೆಚ್ಚು ಮೋಜು ಕೊಡುವುದು ಕಾಡತೂಸುಗಳ ಸುಳ್ಳು ಹೆಸರು. .38 ಸ್ಪೆಷಲ್‌ನ ಗುಂಡಿನ ಅಡ್ಡಳತೆ .38 ಇಂಚು ಅಲ್ಲವೇ ಅಲ್ಲ, .357. ಹಿಂದೆ ಗುಂಡು ಹಿತ್ತಾಳೆ ಕೊಳವೆಯಷ್ಟೇ ದಪ್ಪವಿರುತ್ತಿತ್ತು. ಆಮೇಲೆ ಅದನ್ನು ಕೊಳವೆಯ ಒಳಗೆ ಕೂರಿಸಿದರು. ಗುಂಡು ಸಣ್ಣಗಾಯಿತು, ಹೆಸರು ಹಾಗೆಯೇ ಉಳಿಯಿತು. 1935ರಲ್ಲಿ .357 ಮ್ಯಾಗ್ನಂ ಬಂತು. ಗುಂಡಿನ ಅಳತೆ ಅದೇ, ಕೊಳವೆ ಮಾತ್ರ 3 ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದ. ಈ ಉದ್ದ ಒಂದು ಬೀಗವಿದ್ದಂತೆ, ಹೊಸ ಮದ್ದಿನ ಒತ್ತಡ ತಾಳದ ಹಳೆಯ .38 ರಿವಾಲ್ವರಿನೊಳಗೆ ಅದು ಪೂರ್ತಿ ಕೂರುವುದೇ ಇಲ್ಲ. ಆದರೆ ಮ್ಯಾಗ್ನಂ ರಿವಾಲ್ವರಿನಲ್ಲಿ .38 ಆರಾಮಾಗಿ ಕೂರುತ್ತದೆ.

ನಮ್ಮ ಕಡೆ ಕಾಣಸಿಗುವುದು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯ ರಿವಾಲ್ವರುಗಳ ವಂಶ. ಚಿಲಕ ತೆಗೆದು ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ನಕ್ಷತ್ರದಂಥ ತಟ್ಟೆ ಮೇಲೆದ್ದು ಆರೂ ಖಾಲಿ ಕೊಳವೆಗಳನ್ನು ಒಟ್ಟಿಗೆ ಹೊರಚೆಲ್ಲುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರಿನದೂ ಇದೇ ಜಾಯಮಾನ. ಲೈಸೆನ್ಸ್ ಇರುವ ಹಿರಿಯರೊಬ್ಬರ ಮನೆಯಲ್ಲಿ ಅಂಥದ್ದು ಕಂಡರೆ, ಮೊದಲು ಅವರಿಂದಲೇ ಖಾಲಿ ಮಾಡಿಸಿ, ಆಮೇಲೆ ಸಿಲಿಂಡರನ್ನು ಕಿಟಕಿಯ ಬೆಳಕಿಗೆ ಹಿಡಿಸಿ ಆರೂ ಕುಳಿಗಳನ್ನು ಒಂದೊಂದಾಗಿ ನೋಡಿ.