ಹಾಲು ಬಿಟ್ಟವರ ಜತೆ ನಾಲ್ಕು ಮಾತು

ಗೋಕರ್ಣದ ಕಡಲತೀರದ ಹೋಟೆಲುಗಳ ಬೋರ್ಡಿನ ಮೇಲೆ ‘ವೀಗನ್’ ಎಂಬ ಪದ ಬಂದು ವರ್ಷಗಳಾದವು. ಅದು ಪ್ರವಾಸಿಗಳ ತಿಂಡಿಯ ಹೆಸರಾಗಿಯೇ ಉಳಿದಿದ್ದರೆ ಈ ಸಂಚಿಕೆಯಲ್ಲಿ ಅದರ ಮಾತು ಬೇಕಿರಲಿಲ್ಲ. ಈಗ ಕುಮಟಾ, ಹೊನ್ನಾವರ, ಭಟ್ಕಳದ ಕಾಲೇಜುಗಳಿಗೆ ಹೋಗುವ ನಮ್ಮ ಮಕ್ಕಳ ಕಿವಿಗೂ ಅದು ಬಿದ್ದಿದೆ. ಮೊದಲು ಮಾಂಸ ಬಿಡು, ಆಮೇಲೆ ಹಾಲು ಬಿಡು, ಸೋಪು ಬದಲಿಸು, ಚರ್ಮದ ಚಪ್ಪಲಿ ಸವೆದ ಮೇಲೆ ಮತ್ತೊಂದು ಕೊಳ್ಳಬೇಡ. ಹೀಗೆ ಮೆಲ್ಲಮೆಲ್ಲನೆ ಕ್ರೌರ್ಯವಿಲ್ಲದ ಬದುಕಿಗೆ ಬಾ ಅನ್ನುವ ಕರೆ ಅದು. ‘ಇದು ಪುಳಿಚಾರಿನವರ ಹೊಸ ವೇಷ’ ಅಂತ ನಮ್ಮ ಗೆಳೆಯರು ಒಂದೇ ಮಾತಲ್ಲಿ ತಳ್ಳಿಹಾಕ್ತಾರೆ. ತಳ್ಳಿಹಾಕುವುದು ಸುಲಭ. ಆದರೆ ಅದು ವಿಮರ್ಶೆಯಲ್ಲ.

ಯಾಕಂದ್ರೆ ಸಸ್ಯಾಹಾರ ಮತ್ತು ಇದು ಒಂದೇ ಅಲ್ಲ. ನಮ್ಮಲ್ಲಿನ ಸಸ್ಯಾಹಾರದ ನಡುಮನೆಯಲ್ಲಿ ಹಾಲು ತುಪ್ಪ ಕೂತಿವೆ. ಅದರ ಮಡಿ ರೇಷ್ಮೆಯಲ್ಲಿದೆ. ಒಂದು ರೇಷ್ಮೆ ಸೀರೆಗೆ ಸಾವಿರಾರು ಹುಳುಗಳು ಗೂಡಿನಲ್ಲೇ ಬೇಯಬೇಕು. ಆ ಸೀರೆ ಉಟ್ಟವಳು ಮಡಿ, ಮೀನಿನ ಬುಟ್ಟಿ ಹೊತ್ತವಳು ಮೈಲಿಗೆ! ವೀಗನ್ ವಿಚಾರವನ್ನು ಪ್ರಾಮಾಣಿಕವಾಗಿ ಹಿಡಿದರೆ ಅಭಿಷೇಕದ ಹಾಲು, ಪಂಚಗವ್ಯ, ಪಟ್ಟೆಮಡಿ ಎಲ್ಲವೂ ಕಟಕಟೆಗೆ ಬರುತ್ತವೆ. ಹಾಲಿಗಾಗಿ ಹಸು ಮತ್ತೆ ಮತ್ತೆ ಗಬ್ಬವಾಗಬೇಕು. ಹುಟ್ಟಿದ ಗಂಡುಕರು ಡೇರಿಗೆ ಬೇಡ, ಬತ್ತಿದ ಹಸುವೂ ಬೇಡ. ಅವು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ಹಾಲು ಕುಡಿಯುವವರಿಗೆ ಕೇಳದೆ ಮಾಂಸದವನಿಗೆ ಮಾತ್ರ ಕೇಳಿದ್ದು 2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ. ಅಲ್ಲಿ ‘ಮೆಲ್ಲಮೆಲ್ಲನೆ’ ಇಲ್ಲ. 3ರಿಂದ 7 ವರ್ಷ ಜೈಲು. 13 ವರ್ಷ ದಾಟಿದ ಎಮ್ಮೆಗೆ ಮಾತ್ರ ಆ ಕಾಯ್ದೆಯ ಕರುಣೆ ಸಿಗಲಿಲ್ಲ. ಎಮ್ಮೆಯೂ ಹಾಲು ಕೊಡುತ್ತದೆ, ಅದಕ್ಕೂ ನೋವಾಗುತ್ತದೆ. ದೇವರಾಗುವ ಭಾಗ್ಯವಿಲ್ಲ ಅಷ್ಟೆ. ಪ್ರಾಣಿಗಳಿಗೂ ಜಾತಿ ಹಚ್ಚಿದ ದಯೆ ಇದು.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಬಡಮಕ್ಕಳ ತಟ್ಟೆಯಿಂದ ಮೊಟ್ಟೆ ಕಿತ್ತುಕೊಳ್ಳುವುದು ಅಹಿಂಸೆಯಲ್ಲ. ತನ್ನ ತಟ್ಟೆಯಿಂದ ತಾನೇ ತೆಗೆದಿಡುವುದು ಬೇರೆ ಮಾತು.

ಹಾಗೆ ತೆಗೆದಿಡುವುದು ನಮಗೆ ಹೊಸತೇನೂ ಅಲ್ಲ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂತ ನಮ್ಮ ಜನಕ್ಕೆ ಹೇಳಿದರು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತರನ್ನು ಹಿಡಿದು ಥಳಿಸಿದಾಗ, ಸುರೇಂದ್ರನಗರದ ದಲಿತರು ದನದ ಹೆಣಗಳನ್ನು ಸರಕಾರಿ ಕಚೇರಿಯ ಮುಂದೆ ಸುರಿದರು. ಇನ್ನು ಈ ಕೆಲಸ ನಮ್ಮದಲ್ಲ ಅಂದರು. ಈ ಬಿಡುವಿಕೆಗಳಲ್ಲಿ ಪಾಪದ ಭಯ ಇರಲಿಲ್ಲ. ಊರು ಹೊರಿಸಿದ ಹೊರೆ ಇಳಿಸುವ ಸ್ವಾಭಿಮಾನ ಇತ್ತು. ಹಾಗಾಗಿ ಏನು ಬಿಟ್ಟೆ ಎನ್ನುವುದಕ್ಕಿಂತ ಯಾರ ಮಾತಿಗೆ ಬಿಟ್ಟೆ ಎನ್ನುವುದನ್ನು ನಾನು ಮೊದಲು ಕೇಳುತ್ತೇನೆ.

ಎರಡನೆಯ ಪ್ರಶ್ನೆ ಕೈಗಳದ್ದು. ವೀಗನ್ ಅಡುಗೆಯಲ್ಲಿ ಹಾಲು, ಚೀಸಿನ ಜಾಗಕ್ಕೆ ಗೇರುಬೀಜ ಬಂದಿದೆ. ಕುಮಟಾ ಗೇರುಬೀಜದ ಕಾರ್ಖಾನೆಗಳ ಊರು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ; ಬೀಜ ಒಡೆಯುವ ಹೆಂಗಸರ ಬೆರಳು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಸೋಪಿನ ಪೊಟ್ಟಣದ ಮೇಲೆ ಮೊಲದ ಚಿತ್ರ ಹಾಕಿ, ಇದನ್ನು ಪ್ರಾಣಿಯ ಮೇಲೆ ಪ್ರಯೋಗಿಸಿಲ್ಲ ಅಂತಾರೆ. ಒಳ್ಳೆಯದೇ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲೇ ನಿಷೇಧಿಸಿತು. ಆದರೆ ಆ ಬೆರಳುಗಳ ಚಿತ್ರ ಯಾವ ಪೊಟ್ಟಣದ ಮೇಲಿದೆ? ಕ್ರೌರ್ಯ ಅಳೆಯುವ ತಕ್ಕಡಿಯಲ್ಲಿ ಮೊಲಕ್ಕೆ ಜಾಗವಿದ್ದು ಕೂಲಿಹೆಂಗಸಿಗೆ ಇಲ್ಲವಾದರೆ ತಕ್ಕಡಿಯೇ ಸರಿಯಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದಾಗ ಬಳಚು ಹೆಕ್ಕುವವಳಿಗೆ ‘ಬಿಡು’ ಅನ್ನುವವರು, ಅವಳ ಒಲೆಯ ಮೇಲೆ ಮತ್ತೇನು ಬೇಯಬೇಕು ಎಂಬುದಕ್ಕೂ ಬಾಯಿಬಿಡಬೇಕು.

ನಮ್ಮ ಸಾಹಿತ್ಯ ಇದನ್ನು ಬಲ್ಲದು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಅದು ಅವಳಿಗೆ ಆಸ್ತಿಯೂ ಹೌದು, ಮನೆಯ ಜೀವವೂ ಹೌದು. ಈ ಎರಡನ್ನೂ ಬೇರೆ ಮಾಡಿ ನೋಡುವ ಕಣ್ಣಿಗೆ ಸಾಕವ್ವ ಕಾಣುವುದಿಲ್ಲ. ಪ್ರಾಣಿಯ ಜತೆ ಒಂದೇ ಸೂರಿನಡಿ ಬದುಕಿದವರಿಗೆ ದಯೆಯನ್ನು ಹೊರಗಿನಿಂದ ತಂದು ಕಲಿಸಬೇಕಾಗಿಲ್ಲ.

ಹಾಗಂತ ಹಾಲು ಬಿಟ್ಟ ನಮ್ಮ ಹುಡುಗರನ್ನು ಜಾತಿಗೆಟ್ಟವರಂತೆ ನೋಡಬೇಡಿ. ಅವರು ಹಾಲು ಬಿಡಲಿ, ರೇಷ್ಮೆ ಬಿಡಲಿ; ಪಕ್ಕದಲ್ಲಿ ಒಣಮೀನು ಸುಡುವವಳ ಜತೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನು ಬಿಡದಿರಲಿ. ಆ ಪಂಕ್ತಿ ಮುರಿದ ದಿನ ಅವರ ಊಟ, ಅದರಲ್ಲಿ ಏನೇ ಇರಲಿ ಇಲ್ಲದಿರಲಿ, ಹಳೆಯ ಅಗ್ರಹಾರದ ಊಟವೇ.